ಸಮುದ್ರದ ನೀರು ಕುಡಿದ ಕುರಿಗಳು

ಶಹಾಪುರದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಅದರ ಹಿಂದಿನ ಗೋಡೆಗೆ ಇಪ್ಪತ್ತೈದು ವರ್ಷಗಳಿಂದ ಒಂದು ಸಮುದ್ರ ತೂಗಾಡುತ್ತಿದೆ. ಪೇಂಟರ್ ಒಬ್ಬನನ್ನು ಹಿಡಿದು ಪರದೆಯ ಮೇಲೆ ಬರೆಸಿದ್ದು: ನೀಲಿ ನೀರು, ಎರಡು ತೆಂಗಿನ ಮರ, ಒಂದು ಹಡಗು, ಮೇಲೆ ಮೂರು ಬಿಳಿ ಹಕ್ಕಿ. ಬರೆದ ಅವನೂ ಸಮುದ್ರ ನೋಡಿರಲಿಲ್ಲ, ಬರೆಸಿದ ನಾನೂ ನೋಡಿರಲಿಲ್ಲ. ಆದರೂ ಸುತ್ತಲಿನ ಹಳ್ಳಿಗಳ ಅರ್ಧ ಮಂದಿ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಕಟ್ಟು ಹಾಕಿಸಿ, ಮನೆಯ ಗೋಡೆಗೆ ಹೊಡೆದಿದ್ದಾರೆ. "ಇದು ಖರೇ ಸಮುದ್ರ ಅಲ್ಲ" ಎಂದು ಇವತ್ತಿನ ತನಕ ಒಬ್ಬರೂ ಬಂದು ತಕರಾರು ಮಾಡಿಲ್ಲ. ಆ ಧೈರ್ಯದ ಮೇಲೆಯೇ ನಾನು ಹೋದ ಚಳಿಗಾಲದಲ್ಲಿ ಆ ಕಿತಾಪತಿ ಮಾಡಿದ್ದು.

ಹೋದ ವರ್ಷದ ತನಕ ನಮ್ಮ ಮಂದಿಯಲ್ಲಿ ಸಮುದ್ರ ಕಂಡಿದ್ದವರು ಒಬ್ಬರೇ, ನನ್ನ ಮಾವ. ಹೆಂಡತಿಯ ತವರು ಕೊಂಕಲ್, ಕುರಿ ಸಾಕುವ ಮನೆತನ. ಮಾವ ಹರೆಯದಲ್ಲಿ ಒಮ್ಮೆ ಲಾರಿಯಲ್ಲಿ ಟಗರು ತುಂಬಿಕೊಂಡು ಪಶ್ಚಿಮದ ಕಡೆ ಹೋಗಿ, ಒಂದು ಮುಂಜಾನೆ ಸಮುದ್ರ ನೋಡಿ ಬಂದಿದ್ದರು. ಬಂದವರೇ ಕಟ್ಟೆಯ ಮೇಲೆ ಕುಳಿತು, "ನೀರಂದ್ರ ನೀರು, ಆ ಕಡಿ ದಂಡೀನೇ ಇಲ್ಲ" ಎಂದರಂತೆ. ಅತ್ತೆ ಒಳಗಿನಿಂದಲೇ ಕೇಳಿದಳಂತೆ: "ದಂಡಿ ಇಲ್ಲಂದ್ರ ನೀರು ಯಾತರಾಗ ನಿಂತಿರತದ?" ಕೂತವರೆಲ್ಲ ಗೊಳ್ಳೆಂದು ನಕ್ಕರು. ಅವತ್ತಿನಿಂದ ಆ ಮನೆಯಲ್ಲಿ ಯಾರು ಏನು ಉದ್ದ ಬಿಟ್ಟರೂ ಅದಕ್ಕೆ 'ದಂಡಿ ಇಲ್ಲದ ನೀರು' ಅಂತಲೇ ಹೆಸರು. ಮಳೆ ಬರುತ್ತದೆ ಎಂದು ಮಾವ ಹೇಳಿದರೂ ಅತ್ತೆ, "ಹೂಂ, ದಂಡಿ ಇಲ್ಲದ ನೀರು" ಎನ್ನುವವಳೇ. ಪಾಪ, ನಲವತ್ತು ವರ್ಷ ಆ ಮನುಷ್ಯ ಈ ಮಾತು ನುಂಗಿಕೊಂಡೇ ಬಾಳಿದರು. ನನ್ನ ಪರದೆಯನ್ನು ಮೊದಲ ಸಲ ಕಂಡಾಗ ಅವರ ಮುಖ ಅರಳಿದ್ದು ನನಗೆ ಇನ್ನೂ ನೆನಪಿದೆ. "ಬರೋಬ್ಬರಿ ಬರದಾನ ನೋಡ್ರಿ, ಆ ದಂಡಿ ಇಲ್ಲ" ಎಂದು, ಅದರ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಂಡರು. ಆರು ವರ್ಷದ ಹಿಂದೆ ಅವರು ತೀರಿಹೋದಾಗ ಅದೇ ಫೋಟೋ ದೊಡ್ಡದು ಮಾಡಿ, ಗಂಧದ ಹಾರ ಹಾಕಿ, ಕೊಂಕಲ್ ಮನೆಯ ಪಡಸಾಲೆಯಲ್ಲಿ ನಾನೇ ತೂಗುಹಾಕಿದೆ.

ಇನ್ನು ನನ್ನ ಹೆಂಡತಿಯ ಮಾತು. ಮದುವೆಯಾದ ಹೊಸತರಲ್ಲಿ ಅವಳಿಗೆ ಖರೇ ಸಮುದ್ರ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಹೊಸತರಲ್ಲಿ ಯಾರು ಏನು ಕೊಡುವುದಿಲ್ಲ ಹೇಳಿ? ಆದರೆ ಫೋಟೋಗ್ರಾಫರನ ಹಣೆಬರಹವೆಂದರೆ ಊರಿನ ಮಂದಿಗೆಲ್ಲ ರಜೆ ಇದ್ದಾಗಲೇ ಅವನಿಗೆ ಮೈತುಂಬ ಕೆಲಸ. ಲಗ್ನ, ಸೀಮಂತ, ತೊಟ್ಟಿಲು, ಮತ್ತೆ ಲಗ್ನ. ವರ್ಷಗಳು ಹೀಗೇ ಉರುಳಿದವು. ಅವಳೂ ಕೇಳುವುದನ್ನು ಬಿಟ್ಟಿದ್ದಳು. ಹೋದ ವರ್ಷ ಅವಳ ಅಕ್ಕ ಸಮುದ್ರಕ್ಕೆ ಹೋಗಿರದಿದ್ದರೆ ಹಾಗೇ ನಡೆದುಹೋಗುತ್ತಿತ್ತು.

ಅಕ್ಕ ಇರುವುದು ಯಾದಗಿರಿಯಲ್ಲಿ. ಗಂಡ ಸರ್ಕಾರಿ ನೌಕರ, ರಜೆಗೆ ಬರವಿಲ್ಲ. ಹೋದವರು ನೋಡಿಕೊಂಡು ಸುಮ್ಮನೆ ಬರಬೇಕೋ ಬೇಡವೋ? ಮನೆಮಂದಿಯ ವಾಟ್ಸಾಪ್ ಗುಂಪಿನೊಳಗೆ ಅಕ್ಕನ ಫೋಟೋ ಸುರಿಯತೊಡಗಿದವು. ಟೊಪ್ಪಿಗೆ ಹಾಕಿದ ಅಕ್ಕ, ಎಳನೀರು ಹಿಡಿದ ಅಕ್ಕ, ಹಕ್ಕಿಗೆ ಚುರುಮುರಿ ಎಸೆಯುವ ಅಕ್ಕ. ಕೊನೆಗೆ ಒಂದು ದನಿ ಸಂದೇಶ: "ಏ ತಂಗಿ, ನಿನ್ನ ಗಂಡ ಮಂದಿ ಲಗ್ನದ ಫೋಟೋ ತಗದು ತಗದು ಮುದುಕ ಆಗತಾನ. ನಿನಗ ಆ ಸ್ಟುಡಿಯೋದ ಪರದೀನೇ ಗತಿ ನೋಡವಾ."

ನನ್ನ ಹೆಂಡತಿ ತಡ ಮಾಡಲಿಲ್ಲ. "ಮುಂದಿನ ವಾರ ನಾವೂ ಸಮುದ್ರಕ್ಕ ಹೊಂಟೀವಿ" ಎಂದು ಅದೇ ಗುಂಪಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟಳು. ಹೇಳಿದ ಮೇಲೆ ನನ್ನ ಕಡೆ ತಿರುಗಿದಳು.

ಮುಂದಿನ ವಾರ ನನಗೆ ಸುರಪುರದಲ್ಲಿ ಲಗ್ನ ಇತ್ತು. ಎರಡು ದಿನದ್ದು, ಬಿಟ್ಟುಬರಲು ಆಗದಂಥದ್ದು. ಅದನ್ನು ಹೇಳಿದೆ. ಅವಳು ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಆ ಬಡಿತ ಕೇಳಿದರೆ ಹಿಟ್ಟಿನ ಜಾಗದಲ್ಲಿ ಯಾರಿದ್ದಾರೆಂದು ಹೇಳಬೇಕಾಗಿಯೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಬಡಿತ ನಿಂತಿತು. ಇಣುಕಿದರೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ನಾ ಇನ್ನ ಅಕ್ಕನ ಮುಂದ ಹೆಂಗ ಮಾರಿ ಎತ್ತಲಿ?" ಎಂದಳು.

ನನ್ನ ಮೇಲೆ ನನಗೇ ಸಿಟ್ಟು ಬಂತು. ಸಿಟ್ಟು ಬಂದಾಗ ನನ್ನ ತಲೆ ಎಡಬಿಡಂಗಿಯಾಗಿ ಓಡುತ್ತದೆ. "ನಾವು ಸಮುದ್ರಕ್ಕ ಹೋಗೂದ ಬ್ಯಾಡ. ಸಮುದ್ರನ ಇಲ್ಲಿಗೆ ಕರಸೂಣು" ಎಂದೆ.

"ಅದೂ ನಮ್ಮಪ್ಪನ ದಂಡಿ ಇಲ್ಲದ ನೀರೇನು?" ಎಂದು ಮೂಗು ಏರಿಸುತ್ತಲೇ ನಕ್ಕಳು. ನಕ್ಕಳೆಂದರೆ ಒಪ್ಪಿದಳೆಂದೇ ಅರ್ಥ.

ಮುಂದಿನ ವಾರ, ಲಗ್ನದ ಮುನ್ನಾದಿನ, ಇನ್ನೂ ಸರಿಯಾಗಿ ಬೆಳಕು ಹರಿಯುವ ಮುಂಚೆ ಗಾಡಿ ಹೊಡೆದುಕೊಂಡು ಕೃಷ್ಣಾ ಹೊಳೆಯ ದಂಡೆಗೆ ಹೋದೆವು. ಬ್ಯಾರೇಜು ಕಟ್ಟಿದ ಮೇಲೆ ಹಿನ್ನೀರು ನಿಂತು ಹೊಳೆ ಅಲ್ಲಿ ಅಗಲವಾಗಿದೆ. ಯಾವ ಕಾಲದಲ್ಲೋ ಸೇತುವೆಗೆಂದು ಎಬ್ಬಿಸಿ ಅರ್ಧಕ್ಕೇ ಬಿಟ್ಟ ಕಲ್ಲಿನ ಕಂಬಗಳು ನೀರೊಳಗೆ ಸಾಲಾಗಿ ನಿಂತಿವೆ. ಒಂದೊಂದರ ತಲೆಯ ಮೇಲೂ ಹಕ್ಕಿ. ಬಿಳಿ ಮೈ, ಕರಿ ನೆತ್ತಿ, ಅರಿಶಿನದಂಥ ಕೊಕ್ಕು, ಕವಲೊಡೆದ ಬಾಲ. ನಮ್ಮವರು ಹೊಳೆಹಕ್ಕಿ ಎನ್ನುತ್ತಾರೆ. ಆದರೆ ನೋಡಿದವರು ಸಮುದ್ರದ ಹಕ್ಕಿ ಅಂತಲೇ ಅನ್ನಬೇಕು, ಹಾಗಿವೆ. ಎಲ್ಲಕ್ಕಿಂತ ದೊಡ್ಡ ಉಪಕಾರ ಮಾಡಿದ್ದು ಮಂಜು. ಆಚೆ ದಂಡೆಯನ್ನು ಒಂದು ಗೆರೆಯೂ ಉಳಿಯದ ಹಾಗೆ ಮುಚ್ಚಿತ್ತು. ಅಷ್ಟು ವರ್ಷ ಆ ದಾರಿಯಲ್ಲೇ ಅಡ್ಡಾಡಿದ ನಾನು ಆ ಜಾಗ ಇಷ್ಟು ಚೆಂದ ಇದೆ ಎಂದು ಅವತ್ತೇ ಕಂಡಿದ್ದು. ನೀರಿನ ಸದ್ದೂ ಇರಲಿಲ್ಲ. ಎಲ್ಲೋ ಒಂದು ಮೀನು ಮೇಲೆದ್ದು ಬಿದ್ದರೆ ಅದೇ ದೊಡ್ಡ ಗದ್ದಲ.

ಹೆಂಡತಿ ಸ್ಟುಡಿಯೋದ ಹುಲ್ಲುಟೊಪ್ಪಿಗೆ ಇಟ್ಟುಕೊಂಡು, ನನ್ನ ಕರಿ ಕನ್ನಡಕ ಏರಿಸಿ, ಚೀಲದಿಂದ ಎಳನೀರು ತೆಗೆದಳು. ಹಿಂದಿನ ಸಂಜೆ ಶಹಾಪುರ ಬಸ್ ಸ್ಟ್ಯಾಂಡಿನಲ್ಲಿ ತಗೊಂಡಿದ್ದು. ಸಮುದ್ರಕ್ಕೆ ಹೋದವರ ಕೈಯಲ್ಲಿ ಎಳನೀರು ಇರಲೇಬೇಕೆಂದು ಅವಳ ಹಟ.

ನಾನು ಕ್ಯಾಮೆರಾ ಹೊಂದಿಸುತ್ತಿರುವಾಗ ಮಂಜಿನೊಳಗಿಂದ ಒಂದು ತೆಪ್ಪ ಮೆಲ್ಲಗೆ ತೇಲಿ ಬಂತು. ಬುಟ್ಟಿಯಂಥ ಗುಂಡನೆಯ ತೆಪ್ಪ, ಅದರೊಳಗೆ ತಲೆಗೆ ಟವೆಲು ಸುತ್ತಿದ ಮೀನುಗಾರ. ನೇರ ಬಂದು ನನ್ನ ಚೌಕಟ್ಟಿನ ನಟ್ಟನಡುವೆಯೇ ನಿಲ್ಲಿಸಿದ.

"ಏನ್ರಿ ಸರ, ಮುಂಜಾನಿ ಮುಂಜಾನಿ ಏನು ನಡಸೀರಿ?"

"ಸಮುದ್ರದ ಫೋಟೋ ತಗ್ಯಾಕತ್ತೀನಿ."

ಅವನು ತಿರುಗಿ ಹಿಂದೆ ನೋಡಿದ, ಮುಂದೆ ನೋಡಿದ. "ಇದು ಸಮುದ್ರ ಯಾವಾಗ ಆತ್ರಿ? ನಿನ್ನಿ ಸಂಜೀಕ ಹೊಳಿ ಇತ್ತಲ್ಲ."

"ಬಿಸಲು ಬೀಳೂ ತನಕ ಅಷ್ಟ. ನಿನ್ನ ತೆಪ್ಪ ಒಂಚೂರು ಆ ಕಡಿ ಸರಸು ಮಾರಾಯ, ಸಮುದ್ರದಾಗ ಗುಂಡನ ತೆಪ್ಪ ಇರಂಗಿಲ್ಲ."

"ಹೌದ್ರಾ? ಮತ್ತ ಅಲ್ಲಿ ಮಂದಿ ಮೀನ ಹೆಂಗ ಹಿಡಿತಾರ?" ಎಂದು ಕೇಳಿಕೊಳ್ಳುತ್ತಲೇ ಸರಿದ. ಸರಿದವನು ಸುಮ್ಮನಿರಬೇಕಲ್ಲ. ಸಂಗತಿ ಏನೆಂದು ಹೆಂಡತಿಯಿಂದ ಕೇಳಿ ತಿಳಿದುಕೊಂಡ ಮೇಲೆ ಅವನಿಗೆ ನಮಗಿಂತ ಹುರುಪು ಬಂತು. "ಮತ್ತ ತೆರಿ ಬ್ಯಾಡೇನ್ರಿ ಸಮುದ್ರಕ್ಕ?" ಎಂದವನೇ, ಹುಟ್ಟಿನಿಂದ ನೀರನ್ನು ಪಟಪಟ ಬಡಿಯತೊಡಗಿದ. ನೀರು ಎದ್ದು ಬಂದು ಹೆಂಡತಿಯ ಕಾಲು ತೋಯಿಸಿತು, ಅವಳು ಕಿಟಾರನೆ ಕಿರುಚಿ ನಕ್ಕಳು, ಸದ್ದಿಗೆ ಕಂಬದ ಮೇಲಿನ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ನಾನು ಒತ್ತಿದೆ. ಲಗ್ನಗಳಲ್ಲಿ ಲಕ್ಷಗಟ್ಟಲೆ ಸಲ ಒತ್ತಿರಬೇಕು, ಅಂಥ ಫೋಟೋ ನನಗೆ ಇನ್ನೊಂದು ಸಿಕ್ಕಿಲ್ಲ.

ಅದನ್ನೇ ಗುಂಪಿಗೆ ಹಾಕಿದೆವು. ಎರಡು ತಾಸಿನ ಮೇಲೆ ಅಕ್ಕ, "ಚಂದ ಬಂದದ. ಯಾವ ಊರು?" ಎಂದು ಕೇಳಿದಳು. ನನ್ನ ಹೆಂಡತಿ ಫೋನು ಬಂದ್ ಮಾಡಿಬಿಟ್ಟಳು. ನಾನು ಸುರಪುರದ ಲಗ್ನಕ್ಕೆ ಹೋದೆ. ಅವಳು ಮಾತ್ರ ಸಮುದ್ರದಲ್ಲಿದ್ದಾಳಲ್ಲ, ಹಾಗಾಗಿ ಹೊರಗಿನಿಂದ ಕೀಲಿ ಹಾಕಿಸಿಕೊಂಡು ಎರಡು ದಿನ ಮನೆಯೊಳಗೇ ಕೂತಳು. ಬಾಗಿಲು ತೆಗೆದಾಗ, "ಸಮುದ್ರ ಭಾಳ ಬ್ಯಾಸರ ಬಂತು" ಎಂದಳು.

ಇಷ್ಟಕ್ಕೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಅಷ್ಟರಲ್ಲಿ ಎಳ್ಳಮವಾಸ್ಯೆ ಬಂತು. ಅವತ್ತು ನಮ್ಮ ಕಡೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಎಲ್ಲ ಬುಟ್ಟಿಯಲ್ಲಿ ಹೊತ್ತುಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಯ ಎಡೆಯನ್ನು ಚರಗವೆಂದು ಬೆಳೆಯ ಮೇಲೆ ಚೆಲ್ಲಿ, ಅಲ್ಲೇ ಕೂತು ಉಣ್ಣುವುದು. ಕೊಂಕಲ್ ಹೊಲದಲ್ಲಿ ಎಲ್ಲರೂ ಸೇರಿದ್ದೆವು. ಊಟ ಆದದ್ದೇ ಅಕ್ಕ ಫೋನು ತೆಗೆದಳು. ಎರಡು ಬೆರಳಿನಿಂದ ನಮ್ಮ ಫೋಟೋ ಎಳೆದೆಳೆದು ದೊಡ್ಡದು ಮಾಡತೊಡಗಿದಳು. ಟೊಪ್ಪಿಗೆ ನೋಡಿದಳು, ಎಳನೀರು ನೋಡಿದಳು, ಹಕ್ಕಿ ನೋಡಿದಳು. ಆಮೇಲೆ ಬೆರಳು ಎಡಗಡೆಯ ಮೂಲೆಗೆ ಹೋಗಿ ನಿಂತಿತು.

"ಇಲ್ಲಿ ಕರ್ರಗ ಕಾಣತದಲ್ಲ, ಏನದು?"

ಬಗ್ಗಿ ನೋಡಿದೆ. ಕುರಿಗಳು! ಒಂದು ಸಾಲು ಕರಿ ಕುರಿಗಳು ನೀರಿಗೆ ತಲೆ ಬಗ್ಗಿಸಿ ನಿಂತಿವೆ. ತೆಪ್ಪ ಸರಿಸಿದ ಜಾಣ ನಾನು, ಹಿಂದೆ ಕುರಿ ಬಂದಿದ್ದನ್ನು ನೋಡಿರಲಿಲ್ಲ. ನೋಡಿಲ್ಲ ಅಂದರೆ, ಕಣ್ಣಿಗೆ ಬಿದ್ದಿರಲೇಬೇಕು. ಆದರೆ ಹೊಳೆದಂಡೆ ಎಂದ ಮೇಲೆ ಕುರಿ ಇರುತ್ತವೆ, ಅದರಲ್ಲಿ ನೋಡುವುದೇನು? ಕುರಿಮನೆಯಲ್ಲೇ ಹುಟ್ಟಿದ ನನ್ನ ಹೆಂಡತಿ ಆ ಫೋಟೋವನ್ನು ದಿನಕ್ಕೆ ಹತ್ತು ಸಲ ನೋಡಿದ್ದಳು, ಅವಳಿಗೂ ಕಂಡಿರಲಿಲ್ಲ. ಈಗ ಕಂಡವು.

"ಇಲ್ಲಿ ತಾ" ಎಂದು ಅತ್ತೆ ಕೈಚಾಚಿದಳು. ಫೋನನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು. ಒಂದು ಸಲ ಮಗಳನ್ನು ನೋಡಿದಳು, ಇನ್ನೊಂದು ಸಲ ನನ್ನನ್ನು ನೋಡಿದಳು. ನಲವತ್ತು ವರ್ಷ ಕುರಿಯ ಬೆನ್ನು ನೋಡಿಕೊಂಡೇ ಬದುಕಿದ ಕಣ್ಣುಗಳು ಅವು. ಮುಗಿಯಿತು ನಮ್ಮ ಕಥೆ ಎಂದುಕೊಂಡೆ.

"ಕಲ್ಲು ಅವು" ಎಂದಳು ಅತ್ತೆ. "ಕರಿ ಬಂಡಿಗಲ್ಲು. ನೀರಿನ ದಂಡ್ಯಾಗ ಕಲ್ಲು ಇರಲಾರದ ಏನು ಇರ್ತಾವ?" ಫೋನು ಮಡಿಲಿಗೆ ಹಾಕಿಕೊಂಡು, "ಹೋಳಿಗಿ ಉಳದಾವ, ತಿನ್ನು" ಎಂದು ಅಕ್ಕನ ಕೈಗೆ ಒಂದು ಇಟ್ಟಳು.

ಸಂಜೆ ಗಂಟುಮೂಟೆ ಕಟ್ಟುವಾಗ ಅತ್ತೆ ನನ್ನನ್ನು ಬದುವಿನ ಕಡೆ ಕರೆದಳು. "ಹನ್ನೊಂದು ಕುರಿ, ಎರಡು ಆಡು" ಎಂದಳು. "ತುದೀದು ಒಂದು ಕಾಲು ಎತ್ತಿ ನಿಂತದ, ಕುಂಟಿರಬೇಕು. ಎಲ್ಲಾ ನೀರು ಕುಡ್ಯಾಕತ್ಯಾವ. ಸಮುದ್ರದ ನೀರು ಉಪ್ಪಂತ ಆ ಮನಷ್ಯಾ ಹೇಳತಿದ್ದ. ಉಪ್ಪು ನೀರಿಗೆ ಕುರಿ ಹಿಂಗ ಬಾಯಿ ಹಾಕಂಗಿಲ್ಲ, ಅಳಿಯಂದ್ರ. ಹೊಳಿ ತೋರಿಸಿ ಸಮುದ್ರ ಅಂತೀರಾ?"

"ತಪ್ಪಾತ್ರಿ ಅತ್ತಿ" ಎಂದೆ.

"ತಪ್ಪು ಆಗಲಿ ಬಿಡ್ರಿ. ನಾ ನಿಮ್ಮಿಬ್ಬರ ಮಾನ ಕಾದೀನಿ. ನನಗೇನು ಕೊಡ್ತೀರಿ?"

"ಏನು ಬೇಕು ಕೇಳ್ರಿ."

ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದಳು. "ಖರೇ ಸಮುದ್ರ."

ನನಗೆ ಆಶ್ಚರ್ಯವಾಯಿತು. ಅಕ್ಕ ಹೋಗುವಾಗ ಇವಳನ್ನು ಕರೆದಿದ್ದಳು, ಕುರಿ ಈಯುವ ದಿನ ಎಂದು ನೆವ ಹೇಳಿ ಇವಳೇ ತಪ್ಪಿಸಿಕೊಂಡಿದ್ದಳು. ಅದನ್ನೇ ಕೇಳಿದೆ.

"ಅವರ ಜೋಡಿ ಹೋಗಿ, ಅಲ್ಲಿ ಖರೇನೇ ಆ ದಂಡಿ ಇರಲಿಲ್ಲಂದ್ರ? ಎಲ್ಲಾರ ಮುಂದ ನಾ ಏನನ್ನಲಿ? ಟೀವ್ಯಾಗ ತೋರಸ್ತಾರ, ಖರೆ. ಟೀವಿ, ಫೋಟೋ ಎಲ್ಲಾ ಎಂಥಾವು ಅಂತ ನಿಮ್ಮನ್ನ ನೋಡಿದ್ರ ಗೊತ್ತಾಗತದ." ಬದುವಿನ ಮೇಲೆ ಕೂತಳು. "ಆತಗ ಜೀವಮಾನ ಪೂರ್ತಿ ಸುಳ್ಳ ಅಂದೀನ್ರಿ. ಒಮ್ಮೆ ನನ್ನ ಕಣ್ಣಿಲೆ ನೋಡಬೇಕು. ಯಾರಿಗೂ ಹೇಳಬ್ಯಾಡ್ರಿ. ನನ್ನ ದೊಡ್ಡ ಮಗಳಿಗೆ ಗೊತ್ತಾದ್ರ, ನಾ ಕರದಾಗ ಬರಲಿಲ್ಲ, ತಂಗಿ ಜೋಡಿ ಹೋಗ್ಯಾಳ ಅಂತ ಸಾಯೂ ತನಕ ಮಾತಾಡಂಗಿಲ್ಲ."

ಈ ಸಲ ನಾನು ಯಾವ ಲಗ್ನವನ್ನೂ ಹಿಡಿಯಲಿಲ್ಲ. ಕುರಿಗಳನ್ನು ತನ್ನ ಮೈದುನನಿಗೆ ಒಪ್ಪಿಸಿ, ಅಬ್ಬೆತುಮಕೂರು ಮಠಕ್ಕೆ ಹೋಗಿ ಮೂರು ದಿನ ಇದ್ದು ಬರುತ್ತೇನೆಂದು ಅತ್ತೆ ಊರಿಗೆಲ್ಲ ಹೇಳಿದಳು. ಪೂರ್ತಿ ಸುಳ್ಳಾಗಬಾರದೆಂದು ಮೊದಲು ಮೂವರೂ ಮಠಕ್ಕೇ ಹೋದೆವು. ಗದ್ದುಗೆಯ ಮುಂದೆ ಅತ್ತೆ ತಪ್ಪುಕಾಣಿಕೆ ಹಾಕಿದಳು. ಮಾಡಿದ ತಪ್ಪಿಗಲ್ಲ, ಮಾಡಲು ಹೊರಟ ತಪ್ಪಿಗೆ. "ಹಿಂದಾಗಡೆ ನೆನಪಾಗಂಗಿಲ್ಲ" ಎಂದಳು. ಕಾಲು ತಾಸಿನಲ್ಲಿ ಮೂರು ದಿನದ ಭಕ್ತಿ ಮುಗಿಸಿ ಬಸ್ಸು ಹಿಡಿದೆವು.

ಯಾವ ಊರಿಗೆ ಹೋದೆವೆಂದು ಮಾತ್ರ ಬರೆಯುವುದಿಲ್ಲ. ಅಷ್ಟಾದರೂ ಗುಟ್ಟು ಉಳಿಯಲಿ. ಒಂದು ಸಣ್ಣ ಬಂದರು ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಎದ್ದು ದಂಡೆಗೆ ಹೋದಾಗ ಮಂದಿಯೇ ಇರಲಿಲ್ಲ. ಹಳೆಯದೊಂದು ದೋಣಿಕಟ್ಟೆ, ಅಲ್ಲಿಯವರು ಧಕ್ಕೆ ಎನ್ನುತ್ತಾರೆ, ಮುರಿದು ಬಿದ್ದು ಮರದ ಕಂಬಗಳಷ್ಟೇ ನೀರಲ್ಲಿ ಉಳಿದಿದ್ದವು. ಕಂಬಕ್ಕೊಂದರಂತೆ ಬೆಳ್ಳನೆಯ ಕಡಲಹಕ್ಕಿ ಕೂತಿದ್ದವು, ತಂಪಿಗೆ ಕುತ್ತಿಗೆ ಒಳಗೆಳೆದುಕೊಂಡು. ನಮ್ಮ ಹೊಳೆಯ ಕಂಬಗಳೇ ಎದ್ದು ಇಲ್ಲಿಗೆ ಬಂದಂತಿತ್ತು. ಆದರೆ ಬೆಳಕು ಬೇರೆ. ಅಲ್ಲಿ ಹೊತ್ತು ನಮ್ಮ ಬೆನ್ನ ಹಿಂದೆ, ನೆಲದ ಕಡೆಯಿಂದ ಏರುತ್ತದೆ, ಹಕ್ಕಿಯ ಎದೆಯ ಒಂದೊಂದು ಪುಕ್ಕವೂ ಎಣಿಸುವಷ್ಟು ಚೊಕ್ಕ ಕಾಣುತ್ತದೆ. ನಾನು ಎಲ್ಲವನ್ನೂ ಮರೆತು ಮರಳಲ್ಲಿ ಬೋರಲು ಮಲಗಿ ಹಕ್ಕಿಯ ಫೋಟೋ ತೆಗೆಯತೊಡಗಿದೆ. ಹೆಂಡತಿ ನೀರೊಳಗೆ ಕಾಲಿಟ್ಟು, ತೆರೆ ಬಂದಾಗ ಓಡುತ್ತ, ಹೋದಾಗ ಹಿಂಬಾಲಿಸುತ್ತ ಹುಡುಗಿಯಾಗಿಬಿಟ್ಟಿದ್ದಳು. ಇದನ್ನು ತೋರಿಸಲು ನನಗೆ ಇಷ್ಟು ವರ್ಷ ಬೇಕಾಯಿತೇ ಎಂದು ನಾಚಿಕೆಯಾಯಿತು.

ಅತ್ತೆ ಮಾತ್ರ ನಿಂತಲ್ಲೇ ನಿಂತಿದ್ದಳು. ಕಣ್ಣು ಸಣ್ಣದು ಮಾಡಿ ನೀರಿನ ಆಚೆ ನೋಡುತ್ತಿದ್ದಳು.

"ಅಳಿಯಂದ್ರ, ನಿಮ್ಮ ಕ್ಯಾಮೆರಾದಾಗ ದೂರದ್ದು ಹತ್ರ ಕಾಣತದಲ್ಲ? ತರ್ರಿ ಇಲ್ಲಿ."

ಉದ್ದನೆಯ ಲೆನ್ಸ್ ಹಾಕಿ ಅವಳ ಕಣ್ಣಿಗೆ ಹಿಡಿದೆ. ಎಡದಿಂದ ಬಲಕ್ಕೆ ಮೆಲ್ಲಗೆ ತಿರುಗಿಸಿಕೊಂಡು ನೋಡಿದಳು. ಬಲದಿಂದ ಎಡಕ್ಕೆ ನೋಡಿದಳು. ಕಳೆದ ಕುರಿಮರಿ ಹುಡುಕುವವರು ಹಾಗೆ ನೋಡುತ್ತಾರೆ. ನನ್ನ ಕೈ ಸೋತು ಬಂತು, ಅವಳು ಕಣ್ಣು ತೆಗೆಯಲಿಲ್ಲ.

"ಇಲ್ಲ" ಎಂದಳು ಕೊನೆಗೆ. "ಆ ದಂಡಿ ಇಲ್ಲ."

ಆಮೇಲೆ ನಡೆದು ಹೋಗಿ ಬೊಗಸೆ ತುಂಬ ನೀರು ಎತ್ತಿ ಬಾಯಿಗೆ ಹಾಕಿಕೊಂಡು ಥೂ ಎಂದು ಉಗುಳಿದಳು. "ಉಪ್ಪೂ ಖರೇನೇ ಅದ." ಅಷ್ಟು ಹೇಳಿ ಅಲ್ಲೇ ತೋಯ್ದ ಮರಳಿನ ಮೇಲೆ ಕೂತುಬಿಟ್ಟಳು. "ಎಲ್ಲಾ ಖರೇ ಹೇಳಿದ್ದ ರೀ ಆ ಮನಷ್ಯಾ. ಒಂದಕ್ಷರ ಹೆಚ್ಚಿಗಿ ಹೇಳಿದ್ದಿಲ್ಲ. ನಾನ ಮಂದಿ ಮುಂದ ನಗಸಿದೆ." ತೆರೆ ಬಂದು ಸೀರೆ ತೋಯಿಸಿದರೂ ಏಳಲಿಲ್ಲ. ಹೆಂಡತಿ ಓಡಿಬಂದು ಅವಳ ಪಕ್ಕ ಕೂತು ಹೆಗಲು ಹಿಡಿದುಕೊಂಡಳು. ನಾನು ಹಕ್ಕಿಗಳ ಕಡೆ ತಿರುಗಿ ನಿಂತೆ.

ಹೊರಡುವಾಗ ಅತ್ತೆಯೇ, "ಒಂದು ಫೋಟೋ ತಗೀರಿ" ಎಂದಳು. ಧಕ್ಕೆಯ ಕಂಬಗಳಿಗೆ ಬೆನ್ನು ಮಾಡಿ, ಕೈ ಎರಡೂ ಇಳಿಬಿಟ್ಟು, ಸ್ಟುಡಿಯೋದಲ್ಲಿ ನಿಂತಂತೆ ನೆಟ್ಟಗೆ ನಿಂತಳು. "ಒಂಚೂರು ನಗ್ರಿ ಅತ್ತಿ" ಎಂದರೆ, "ನಕ್ಕಿದ್ದು ಸಾಕಾಗ್ಯದ" ಎಂದಳು. ಅವಳ ಹೆಗಲ ಹಿಂದಿನ ಕಂಬದ ಮೇಲೆ ಒಂದು ಹಕ್ಕಿ, ಅದರ ಹಿಂದೆ ಬರೀ ನೀರು.

ಯುಗಾದಿಗೆ ಎಲ್ಲರೂ ಕೊಂಕಲ್ಲಿನಲ್ಲಿ ಸೇರಿದಾಗ, ಕಟ್ಟು ಹಾಕಿಸಿ ಮೂಲೆಗೆ ಇಟ್ಟಿದ್ದ ಆ ಫೋಟೋ ಅಕ್ಕನ ಕಣ್ಣಿಗೆ ಬಿತ್ತು.

"ಇದೆಲ್ಲಿ ತಗಿಸಿದ್ದವ್ವಾ?"

"ಹೊಳ್ಯಾಗ" ಎಂದಳು ಅತ್ತೆ, ಬೇವು ಬಿಡಿಸುತ್ತ. "ಅಳಿಯಂದ್ರು ತಗದಾರ."

"ಆ ದಂಡೀನೇ ಕಾಣವಲ್ದಲ್ಲ?"

"ಮಂಜು ಬಿದ್ದಿತ್ತವ್ವ."

ಅಕ್ಕ ನಂಬಿದಳು. ನನಗೆ ನಗು ಬಂತು. ಜೀವಮಾನದಲ್ಲಿ ಒಂದೇ ಸಲ ನೋಡಿದ ಸಮುದ್ರವನ್ನು ಅವಳು ದೊಡ್ಡ ಮಗಳ ಮನಸ್ಸು ಕಾಯಲು ಹೊಳೆ ಎಂದುಬಿಟ್ಟಳು.

ಹಬ್ಬ ಮುಗಿದ ಮೇಲೆ ಆ ಫೋಟೋ ಹಾಕಲು ನಾನು ಮೊಳೆ ಹಿಡಿದು ಹೋದ ದಿನ, ಬಂದವರಿಗೆ ಎದ್ದು ಕಾಣುವ ಗೋಡೆಗೆ, ಮಾವನ ಫೋಟೋದ ಪಕ್ಕದಲ್ಲೇ ಹೊಡೆಯೋಣ ಎಂದಿದ್ದೆ. ಅತ್ತೆ ಒಪ್ಪಲಿಲ್ಲ. ಬಾಗಿಲ ಸಂದಿನಲ್ಲಿ, ಕದ ತೆರೆದರೆ ಮರೆಯಾಗುವ ಗೋಡೆಯನ್ನು ತೋರಿಸಿದಳು.

"ಇಲ್ಲಿ ಯಾರಿಗೂ ಕಾಣಂಗಿಲ್ಲಲ್ರಿ ಅತ್ತಿ" ಎಂದೆ.

ಅವಳು ಎದುರಿಗೆ ಕೈ ತೋರಿಸಿದಳು. ಎದುರು ಗೋಡೆಯಲ್ಲಿ ಮಾವ ನನ್ನ ಪರದೆಯ ಸಮುದ್ರದ ಮುಂದೆ ನಿಂತು ನೇರ ಇತ್ತಲೇ ನೋಡುತ್ತಿದ್ದರು.

"ಆತಗ ಕಾಣತದ" ಎಂದಳು. "ಹೊಡಿರಿ."